ಎರಡೂವರೆಯ ಕೆಂಭಾವಿ ಬಸ್ಸು

ನಾನು ಸುಳ್ಳು ಹೇಳಿದ್ದೇನೆ. ಪ್ರಾಂಶುಪಾಲರ ಕೋಣೆಯಲ್ಲಿ, ನಾಲ್ಕು ಜನರ ಮುಂದೆ, ನನ್ನ ವಿದ್ಯಾರ್ಥಿನಿ ಮೋನಮ್ಮ ಎದುರಿಗೇ ನಿಂತಿರುವಾಗ — "ಅಕಿ ನನ್ನ ಕೇಳೇ ಇಲ್ಲರಿ" ಅಂದುಬಿಟ್ಟೆ. ಅವಳು ಕೇಳಿದ್ದಳು. ಒಂದು ಸಲವಲ್ಲ, ಎರಡು ಸಲ ಕೇಳಿದ್ದಳು. ಎರಡು ಸಲವೂ ಬೇಡ ಅಂದವನು ನಾನು.

ಇದಾಗಿ ಹನ್ನೊಂದು ವರ್ಷ. ಈ ಹನ್ನೊಂದು ವರ್ಷದಲ್ಲಿ ನನಗೆ ಬಡ್ತಿ ಸಿಕ್ಕಿತು, ಮನೆ ಕಟ್ಟಿಸಿದೆ, ಹತ್ತಾರು ಕಡೆ ಶಾಲು ಹೊದಿಸಿಕೊಂಡೆ. ವಿದ್ಯಾರ್ಥಿಗಳಲ್ಲಿ ಸೇವಾ ಮನೋಭಾವ ಬೆಳೆಸುವ ಬಗ್ಗೆ ಭಾಷಣ ಮಾಡುವುದರಲ್ಲಿ ಈ ಭಾಗದಲ್ಲಿ ನನ್ನ ಹೆಸರೇ ಮೊದಲು ಬರುತ್ತದೆ. ನಾಚಿಕೆ ಎಂಬುದು ಹುಟ್ಟಿನಿಂದ ಬರುವ ಗುಣವೋ, ಕಲಿತು ಬರುವ ಗುಣವೋ ನನಗೆ ಗೊತ್ತಿಲ್ಲ. ನನಗಂತೂ ಎರಡೂ ದಾರಿಯಿಂದ ಬಂದಿರಲಿಲ್ಲ.

ನಾನು ಶಹಾಪುರದ ಒಂದು ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವನು. ಕಾಲೇಜಿನ ಹೆಸರು ಬರೆಯುವುದಿಲ್ಲ, ತಪ್ಪು ಕಟ್ಟಡದ್ದಲ್ಲ. ಅಲ್ಲಿ ನಾವು 'ನೆರವು ಬಳಗ' ಅಂತ ಒಂದು ಗುಂಪು ಕಟ್ಟಿದ್ದೆವು. ವಿದ್ಯಾರ್ಥಿಗಳು ಬಿಡುವಿನಲ್ಲಿ ಊರಿಗೆ ಉಪಕಾರವಾಗುವ ಕೆಲಸ ಮಾಡಬೇಕು — ಅಷ್ಟೇ ಉದ್ದೇಶ. ನಾನು ಅದರ ಸಂಚಾಲಕ. ಜೂನ್‌ನಲ್ಲಿ ನಲವತ್ತು ಹೆಸರು ಬರುತ್ತಿದ್ದವು, ದೀಪಾವಳಿ ಹೊತ್ತಿಗೆ ಒಂಬತ್ತೋ ಹತ್ತೋ ಉಳಿಯುತ್ತಿದ್ದವು. ನಾನು ಸ್ಟಾಫ್ ರೂಮಿನಲ್ಲಿ ಕೂತು, ಚಹಾ ಕುಡಿಯುತ್ತಾ, ಈಗಿನ ಹುಡುಗರಿಗೆ ಮೊಬೈಲು ಬಿಟ್ಟರೆ ಏನೂ ಬೇಡ ಅಂತ ಬೈಯುತ್ತಿದ್ದೆ. ಎಲ್ಲರೂ ತಲೆಯಾಡಿಸುತ್ತಿದ್ದರು.

ಆ ಹುಡುಗರು ಏನು ಮಾಡುತ್ತಿದ್ದಾರೆ ಅಂತ ನಾನು ಒಂದು ದಿನವೂ ವಿಚಾರಿಸಲಿಲ್ಲ. ಒಬ್ಬ ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಸುಸಲಾ ಮಿರ್ಚಿ ತಿಂಡಿ ಕಟ್ಟಿಕೊಟ್ಟು ಕ್ಲಾಸಿಗೆ ಬರುತ್ತಿದ್ದ. ಇನ್ನೊಬ್ಬ ಝೆರಾಕ್ಸ್ ಅಂಗಡಿಯಲ್ಲಿ ದುಡಿಯುತ್ತಿದ್ದ. ಹತ್ತಿ ಬಿಡಿಸುವ ಕಾಲಕ್ಕೆ ಹುಡುಗಿಯರು ನಸುಕಿನಲ್ಲೇ ಹೊಲಕ್ಕೆ ಹೋಗಿ, ಕೈಯ ತರಚು ಗಾಯಗಳ ಸಮೇತ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ಇವರಿಗೆ ನಾನು ಶನಿವಾರ ಮೂರು ಗಂಟೆಗೆ ಸೇವೆ ಮಾಡಲು ಬರ್ರಿ ಅನ್ನುತ್ತಿದ್ದೆ. ಮೂರು ಗಂಟೆಗೆ ಅವರ ಊರಿನ ಬಸ್ಸು ಹೋಗಿಯಾಗಿರುತ್ತಿತ್ತು!

ಅವರನ್ನು ಹಿಡಿದಿಡಲು ನಾನು ಕಂಡುಕೊಂಡ ಉಪಾಯ — ಹೇಳಲು ಅಸಹ್ಯವಾಗುತ್ತದೆ — ಫೋಟೋ. ನಮ್ಮ ಬಳಗದಲ್ಲಿ ಹೆಸರು ಕೂಗಿ ಹಾಜರಿ ಹಾಕುತ್ತಿರಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಬ್ಯಾನರ್ ಹಿಡಿದು ಫೋಟೋ ತೆಗೆಯುವುದು, ಮನೆಗೆ ಹೋಗಿ ಅದರಲ್ಲಿ ಮುಖ ನೋಡಿ ನೋಡಿ ಹಾಜರಿ ಹಾಕುವುದು. ಮೂರು ಫೋಟೋದಲ್ಲಿ ಮುಖ ಇಲ್ಲದಿದ್ದರೆ ಹೆಸರು ಕಡಿತ, ಪ್ರಮಾಣಪತ್ರವಿಲ್ಲ. ಹುಡುಗರೇನು ದಡ್ಡರೇ? ಫೋಟೋದ ಹೊತ್ತಿಗೆ ಸರಿಯಾಗಿ ಬಂದು, ಪೊರಕೆ ಹಿಡಿದು ನಿಂತು, ಪೊರಕೆಯನ್ನು ಪಕ್ಕದವನ ಕೈಗೆ ಕೊಟ್ಟು ಹೋಗುತ್ತಿದ್ದರು. ನನಗೆ ಗೊತ್ತಿತ್ತು. ಫೋಟೋ ತುಂಬ ಮುಖಗಳಿದ್ದವಲ್ಲ — ನನಗೆ ಅದೇ ಸಾಕಿತ್ತು.

ಮೋನಮ್ಮ ಬಿ.ಎ. ಕೊನೆಯ ವರ್ಷದಲ್ಲಿದ್ದಳು. ಊರು ಕೆಂಭಾವಿ ರಸ್ತೆಯ ಒಂದು ಸಣ್ಣ ಹಳ್ಳಿ. ತಂದೆ ದೇವಿಂದ್ರಪ್ಪ ಹತ್ತಿ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದರು. ಅವಳು ಮೂರು ಫೋಟೋದಲ್ಲಿ ಇರಲಿಲ್ಲ. ಕ್ಲಾಸಿನಲ್ಲಿಯೇ ಎಬ್ಬಿಸಿ ನಿಲ್ಲಿಸಿ ಕೇಳಿದೆ, ಸೇವೆಯೆಂದರೆ ಅಷ್ಟು ಭಾರವೇನು ಅಂತ. ತಲೆ ತಗ್ಗಿಸುತ್ತಾಳೆ ಅಂದುಕೊಂಡಿದ್ದೆ. ತಗ್ಗಿಸಲಿಲ್ಲ.

"ಸರ, ಎರಡೂವರಿ ಬಸ್ ಬಿಟ್ರ ನಮ್ಮೂರಿಗಿ ಹೊತ್ತು ಮುಳುಗೋತನಕ ಬಸ್ಸಿಲ್ಲರಿ. ಮುಂಜಾನಿ ನಾವು ಬರೋ ಬಸ್ಸಿನಾಗ ಏನರೆ ಕೆಲಸ ಕೊಡ್ರಿ, ಮಾಡ್ತೀವಿ."

"ಬಸ್ಸಿನಾಗ ಏನ್ ಕಸ ಹೊಡಿತಿಯೇನವ್ವ?" ಅಂದೆ. ಕ್ಲಾಸು ನಕ್ಕಿತು. ಅವಳು ನಗು ಮುಗಿಯುವ ತನಕ ಕಾದು ಹೇಳಿದಳು:

"ಬಸ್ಸಿನಾಗ ದವಾಖಾನಿಗಿ ಬರೋ ವಯಸ್ಸಾದ ಆಯಿಗೋಳು ಇರ್ತಾರಲ್ರಿ ಸರ. ಇಳದ ಮ್ಯಾಲ ಅವರಿಗಿ ದಿಕ್ಕೇ ತಿಳಿಯಂಗಿಲ್ಲ. ಚೀಟಿ ಎಲ್ಲಿ ಮಾಡಸಬೇಕು, ಯಾ ಪಾಳಿಗಿ ನಿಂದರಬೇಕು, ಏನೂ ಗೊತ್ತಿರಂಗಿಲ್ಲ. ಒಬ್ಬೊಬ್ಬರು ಒಬ್ಬೊಬ್ಬ ಆಯಿನ ಕೈ ಹಿಡಕೊಂಡು ಹೋಗಿ ಪಾಳಿಗಿ ಕುಂದ್ರಿಸಿ ಬಂದ್ರ ಆತು. ಹೊಳ್ಳಿ ಹೋಗೋಮುಂದ ನಮ್ಮ ಬಸ್ಸಿಗೇ ಹತ್ತಸ್ಕೊಂಡು ಹೋಗ್ತೀವಿ."

ಇಷ್ಟೇ. ಇದಕ್ಕೆ ಬ್ಯಾನರ್ ಬೇಕಿಲ್ಲ, ಉದ್ಘಾಟನೆ ಬೇಕಿಲ್ಲ, ಶನಿವಾರ ಬೇಕಿಲ್ಲ. ಹುಡುಗರ ಹತ್ತಿರ ಇಲ್ಲದ ಹೊತ್ತನ್ನು ನಾನು ಕೇಳುತ್ತಿದ್ದೆ, ಅವಳು ಇರುವ ಹೊತ್ತನ್ನೇ ಬಳಸಿದಳು. ಇಪ್ಪತ್ತು ವರ್ಷದ ಹುಡುಗಿಗೆ ಹೊಳೆದದ್ದು ಅರ್ಥಶಾಸ್ತ್ರದ ಮೇಷ್ಟ್ರಿಗೆ ಹೊಳೆದಿರಲಿಲ್ಲ.

ಒಂದು ತಿಂಗಳು ಕಳೆಯುವಷ್ಟರಲ್ಲಿ ಸುರಪುರದ ಕಡೆಯಿಂದ ಬರುವವರು, ಯಾದಗಿರಿ ರಸ್ತೆಯಿಂದ ಬರುವವರು, ಭೀಮರಾಯನಗುಡಿಯಿಂದ ಬರುವವರು — ಮೂವತ್ತು ಜನ ಸೇರಿಕೊಂಡರು. ಹೋಟೆಲಿನ ಹುಡುಗನೂ ಬಂದ, ಹತ್ತಿ ಬಿಡಿಸುವ ಹುಡುಗಿಯರೂ ಬಂದರು. ಯಾರೂ ಪ್ರಮಾಣಪತ್ರದ ಮಾತೆತ್ತಲಿಲ್ಲ. ನಾನೇ ಒಂದು ದಿನ, ದವಾಖಾನೆಯ ಮುಂದೆ ಎಲ್ಲರನ್ನೂ ನಿಲ್ಲಿಸಿ ಒಂದು ಫೋಟೋ ತೆಗೆಯೋಣ ಅಂದೆ. "ಆಯಿಗೋಳು ನಾಚ್ತಾರ್ರಿ ಸರ, ಬ್ಯಾಡ್ರಿ" ಅಂದಳು ಮೋನಮ್ಮ. ನನಗೆ ಒಳಗೊಳಗೇ ಸಿಟ್ಟು ಬಂತು. ನಿಜ ಹೇಳಬೇಕೆಂದರೆ ಸಿಟ್ಟಲ್ಲ — ನನ್ನ ಅಪ್ಪಣೆಗೆ ಕಾಯದೆಯೇ ಒಂದು ಒಳ್ಳೆಯ ಕೆಲಸ ನಡೆಯುತ್ತಿದೆಯಲ್ಲ ಎಂಬ ಉರಿ. ವರ್ಷದ ಕೊನೆಗೆ ಕೊಡುವ ವರದಿಯ ಕರಡಿನಲ್ಲಿ ಮಾತ್ರ 'ಸಂಚಾಲಕರ ವಿನೂತನ ಯೋಜನೆ' ಅಂತ ಬರೆದುಕೊಂಡೆ. ಪ್ರಾಂಶುಪಾಲರಿಗೆ ಇನ್ನೂ ಹೇಳಿರಲಿಲ್ಲ. ಹೇಳಿದರೆ ಅನುಮತಿ ಪತ್ರ, ಪಾಲಕರ ಸಹಿ, ಮತ್ತೊಂದು ಮಗದೊಂದು ಅಂತ ಕೇಳುತ್ತಿದ್ದರು.

ಮೋನಮ್ಮನ ಪಾಲಿಗೆ ಬಂದ ಆಯಿ ಅವಳ ಊರಿನವರೇ, ಕಾಶಿಂಬಿ. ಸಕ್ಕರೆ ಕಾಯಿಲೆಯಿಂದ ಕಾಲಿನಲ್ಲಿ ಗಾಯವಾಗಿ, ವಾರಕ್ಕೆರಡು ಸಲ ಪಟ್ಟಿ ಕಟ್ಟಿಸಿಕೊಳ್ಳಲು ಬರುತ್ತಿದ್ದರು. ಕಣ್ಣು ಮಂಜು. ಮಗ ಗಾರೆ ಕೆಲಸಕ್ಕೆ ಹೋಗುತ್ತಿದ್ದ, ಕರೆತರಲು ಯಾರೂ ಇರಲಿಲ್ಲ. ಪಟ್ಟಿ ಕಟ್ಟಿಸಿಕೊಂಡು ದವಾಖಾನೆಯ ಬೇವಿನ ಗಿಡದ ಕೆಳಗೆ ಕೂತಿರುತ್ತಿದ್ದರು. ಎರಡು ಗಂಟೆಗೆ ಕ್ಲಾಸು ಬಿಟ್ಟ ಕೂಡಲೇ ಮೋನಮ್ಮ ಓಡಿಹೋಗಿ ಕೈಹಿಡಿದು ಬಸ್ಸಿಗೆ ಹತ್ತಿಸುತ್ತಿದ್ದಳು.

ಆ ದಿನ ಕಾಲೇಜನ್ನು ನೋಡಿ ಅಂಕ ಕೊಡಲು ಹೊರಗಿನಿಂದ ಒಂದು ತಂಡ ಬಂದಿತ್ತು. ಅವರಿಗೆ ನಮ್ಮ ಬಳಗವನ್ನು ತೋರಿಸಬೇಕಾಗಿತ್ತು. ಬಿಳಿ ಟೋಪಿ, ಬಿಳಿ ಅಂಗಿ, ಕೈಯಲ್ಲಿ ಸಸಿ. ಎಲ್ಲರನ್ನೂ ಮೈದಾನದಲ್ಲಿ ಸಾಲಾಗಿ ನಿಲ್ಲಿಸಿದ್ದೆ. ತಂಡದವರು ಊಟಕ್ಕೆ ಕೂತವರು ಏಳಲೇ ಇಲ್ಲ. ಎರಡು ಗಂಟೆಯಾಯಿತು. ಮೋನಮ್ಮ ಸಾಲು ಬಿಟ್ಟು ಬಂದಳು.

"ಸರ, ಆಯಿನ ಬಸ್ಸಿಗಿ ಹತ್ತಸಬೇಕ್ರಿ. ಹತ್ತಸಿ ಓಡಿ ಬರ್ತೀನ್ರಿ."

"ಹತ್ತು ನಿಮಿಷ ನಿಂದ್ರು," ಅಂದೆ.

ಎರಡೂಕಾಲು ಗಂಟೆಗೆ ಮತ್ತೆ ಬಂದಳು. ಈ ಸಲ ಕಣ್ಣಲ್ಲಿ ನೀರಿತ್ತು. "ಸರ, ಆಯಿಗಿ ಬಸ್ಸಿನ ಬೋರ್ಡ್ ಕಾಣಂಗಿಲ್ಲರಿ."

ಆಗ ನಾನು ಆಡಿದ ಮಾತು ಒಂದಕ್ಷರ ಬಿಡದೆ ನೆನಪಿದೆ. "ಮುದುಕಿ ಎಲ್ಲಿ ಓಡಿ ಹೋಗ್ತಾಳ? ಕುಂತಿರ್ತಾಳ. ಫೋಟೋ ಆಗೋತನಕ ಒಬ್ಬರೂ ಗೇಟ್ ದಾಟಬಾರ್ದು." ಬರೀ ಹೇಳಲಿಲ್ಲ, ಗೇಟಿನ ಹತ್ತಿರ ಜವಾನನನ್ನು ನಿಲ್ಲಿಸಿದೆ.

ಕಾಶಿಂಬಿ ಕಾದಿದ್ದಾರೆ. ಹುಡುಗಿ ಬರಲಿಲ್ಲ. ಬಸ್ಸು ತಪ್ಪಿದರೆ ಗತಿಯೇನು ಅಂತ ಹೆದರಿ, ಪಟ್ಟಿ ಕಟ್ಟಿದ ಕಾಲಲ್ಲಿ ತಾವೇ ಬಸ್ ಸ್ಟ್ಯಾಂಡಿನ ತನಕ ನಡೆದಿದ್ದಾರೆ. ಎದುರಿಗೆ ಹೊರಟು ನಿಂತಿದ್ದ ಸುರಪುರದ ಬಸ್ಸನ್ನು ತಮ್ಮದೇ ಅಂದುಕೊಂಡು ಹತ್ತಿದ್ದಾರೆ. ಸುರಪುರದಲ್ಲಿ ಇಳಿಯುವಾಗ ಜನರ ನೂಕಾಟದಲ್ಲಿ ಬಾಗಿಲಿಂದ ಕೆಳಗೆ ಬಿದ್ದು ತೊಡೆಯ ಎಲುಬು ಮುರಿಯಿತು. ಮತ್ತೆ ಅವರು ನಡೆಯಲಿಲ್ಲ. ಎರಡು ವರ್ಷ ಹಾಸಿಗೆಯಲ್ಲೇ ಇದ್ದು ತೀರಿಕೊಂಡರು ಅಂತ ಆಮೇಲೆ ಗೊತ್ತಾಯಿತು.

ನಮ್ಮ ಫೋಟೋ ಮೂರು ಗಂಟೆಗೆ ಆಯಿತು. ಚೆನ್ನಾಗಿ ಬಂದಿತ್ತು.

ಮರುದಿನ ಕಾಶಿಂಬಿಯ ಮಗ ಕಾಲೇಜಿಗೆ ಬಂದು ಕೂಗಾಡಿದ. ಅವನ ಸಿಟ್ಟಿಗೆ ಅರ್ಥವಿತ್ತು. ಪ್ರಾಂಶುಪಾಲರು ಮೋನಮ್ಮನನ್ನೂ ಅವಳ ತಂದೆಯನ್ನೂ ಕರೆಸಿದರು, ನನ್ನನ್ನೂ ಕರೆದರು. ಮೋನಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು — ಸರ್ ಬಿಡಲಿಲ್ಲ, ಎರಡು ಸಲ ಕೇಳಿದೆ. ಪ್ರಾಂಶುಪಾಲರು ನನ್ನ ಕಡೆ ತಿರುಗಿದರು. "ಹೌದೇನ್ರಿ?"

ಹೌದು ಅನ್ನಬೇಕಿತ್ತು. ಎರಡಕ್ಷರ. ಹೆಚ್ಚೆಂದರೆ ಒಂದು ನೋಟಿಸು ಬರುತ್ತಿತ್ತು, ಒಂದಿಷ್ಟು ಬೈಗುಳ. ಬಾಯಿ ತೆರೆದೆ, ಬಂದದ್ದು — "ಇಲ್ರಿ ಸರ. ಅಕಿ ನನ್ನ ಕೇಳೇ ಇಲ್ಲರಿ. ಈ ದವಾಖಾನಿ ಕೆಲಸ ಎಲ್ಲಾ ಅವರೇ ತಮ್ಮಷ್ಟಕ್ಕ ಮಾಡ್ಯಾರ."

"ಸರ, ಕೇಳಿದ್ನಲ್ರಿ..." ಅಂದಳು ಅವಳು. ಅಷ್ಟೇ ಅಂದಳು. ದೇವಿಂದ್ರಪ್ಪ ಎದ್ದು ಬಂದು ಎಲ್ಲರೆದುರೇ ಮಗಳ ಕೆನ್ನೆಗೆ ಹೊಡೆದರು. "ಸರ ಸುಳ್ಳು ಹೇಳ್ತಾರೇನ? ಓದಿಸಿದ್ದು ಇದಕ್ಕೇನ?" ಹಾಗಂದವರೇ ನನ್ನ ಕಡೆ ತಿರುಗಿ ಕೈ ಮುಗಿದರು. ನಾನು ಆ ಕೈ ಮುಗಿದದ್ದನ್ನು — ತೆಗೆದುಕೊಂಡೆ.

ಪರೀಕ್ಷೆಗೆ ಎರಡು ತಿಂಗಳಿತ್ತು. ತಂದೆ ಅವಳನ್ನು ಕಾಲೇಜು ಬಿಡಿಸಿದರು. ಅಂದು ಮೈದಾನದಲ್ಲಿದ್ದ ಮೂವತ್ತು ಜನರಿಗೂ ನಿಜ ಗೊತ್ತಿತ್ತು. ಅವಳು ಎರಡು ಸಲ ಬಂದು ಕೇಳಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಯಾರೂ ಬಾಯಿ ಬಿಡಲಿಲ್ಲ. ಅವರ ಪ್ರಮಾಣಪತ್ರಕ್ಕೆ ಸಹಿ ಹಾಕುವವನು ನಾನಿದ್ದೆ. ನಾನು ಅವರಿಗೆ ಕಲಿಸಿದ ಸೇವೆ ಇದು. ಆ ವಾರವೇ ಎಲ್ಲರ ಪ್ರಮಾಣಪತ್ರಕ್ಕೂ ಸಹಿ ಹಾಕಿ ಹಂಚಿದೆ, ಒಬ್ಬರ ಹಾಜರಿಯನ್ನೂ ನೋಡಲಿಲ್ಲ. ದವಾಖಾನೆಯ ಕೆಲಸ ಮಾತ್ರ ಅಂದಿಗೇ ನಿಂತಿತು.

ಇಷ್ಟು ವರ್ಷ ಇದನ್ನು ಹೇಗೆ ನುಂಗಿಕೊಂಡು ಇದ್ದೆ ಅಂತ ಕೇಳಬಹುದು. ನುಂಗಿಕೊಳ್ಳಲು ಕಷ್ಟವೇ ಆಗಲಿಲ್ಲ. ಸುಳ್ಳು ಹೇಳಿದವನಿಗೆ ನಿದ್ದೆ ಬರುವುದಿಲ್ಲ ಅಂತ ಯಾರೋ ಕಥೆ ಕಟ್ಟಿದ್ದಾರೆ. ನನಗೆ ಚೆನ್ನಾಗಿಯೇ ಬರುತ್ತಿತ್ತು.

ಹೋದ ತಿಂಗಳು ಯಾದಗಿರಿಯಲ್ಲಿ ಕಾಲೇಜು ಅಧ್ಯಾಪಕರಿಗೆ ಒಂದು ತರಬೇತಿ ಇತ್ತು. ಬಿಡುವಿಲ್ಲದ ವಿದ್ಯಾರ್ಥಿಗಳನ್ನು ಸೇವೆಯಲ್ಲಿ ತೊಡಗಿಸುವುದು ಹೇಗೆ ಎಂಬುದು ನನ್ನ ವಿಷಯ. ನಾನು ಬಸ್ಸಿನ ಯೋಜನೆಯನ್ನು ವಿವರಿಸಿದೆ. ಅವರ ಹೊತ್ತನ್ನು ಕೇಳಬೇಡಿ, ಅವರ ದಾರಿಯಲ್ಲೇ ಕೆಲಸ ಹುಡುಕಿ ಅಂದೆ. ಮೋನಮ್ಮನ ಮಾತನ್ನೇ ಸ್ವಲ್ಪ ಇಸ್ತ್ರಿ ಮಾಡಿ ನನ್ನ ಹೆಸರಿನಲ್ಲಿ ಹೇಳಿದೆ. ಚಪ್ಪಾಳೆ ಬಿತ್ತು. ಸುರಪುರದಿಂದ ಬಂದಿದ್ದ ಒಬ್ಬ ಎಳೆಯ ಅಧ್ಯಾಪಕಿ ಎದ್ದು ಕೇಳಿದರು: "ಸರ, ಇಷ್ಟ್ ಚೊಲೋ ಕೆಲಸ ಯಾಕ ನಿಂತ್ ಹೋಯ್ತ್ರಿ?"

"ಏನ್ ಮಾಡೋದ್ರಿ ಮೇಡಂ, ಹುಡುಗರಿಗಿ ಆಸಕ್ತಿನೇ ಉಳೀಲಿಲ್ಲ," ಅಂದೆ.

ಯೋಚಿಸಿ ಹೇಳಿದ್ದಲ್ಲ, ಸಲೀಸಾಗಿ ಬಂತು. ಹಾಗೆ ಸಲೀಸಾಗಿ ಬಂದದ್ದೇ ನನ್ನನ್ನು ಹಿಡಿದು ನಿಲ್ಲಿಸಿತು. ಹನ್ನೊಂದು ವರ್ಷದ ಹಿಂದೆ ಹೆದರಿ ಹೇಳಿದೆ ಅಂತಲಾದರೂ ಅಂದುಕೊಳ್ಳಬಹುದಿತ್ತು. ಇಲ್ಲಿ ಯಾರ ಹೆದರಿಕೆ ಇತ್ತು? ಆ ಮೂವತ್ತು ಹುಡುಗರನ್ನು, ಗಾಯದ ಕೈಗಳಲ್ಲಿ ಮುದುಕಿಯರ ಕೈ ಹಿಡಿದು ನಡೆಸಿದವರನ್ನು, ನಾನು ಮತ್ತೊಮ್ಮೆ ಸುಳ್ಳು ಹೇಳಿ ಕೊಂದಿದ್ದೆ. ಥೂ ನನ್ನ ಜನ್ಮಕ್ಕೆ ಅನ್ನಿಸಿತು. ಊಟಕ್ಕೆ ನಿಲ್ಲದೆ ಎದ್ದು ಬಂದೆ.

ಮರು ರವಿವಾರ ವಿಳಾಸ ಹುಡುಕಿಕೊಂಡು ಕೆಂಭಾವಿಗೆ ಹೋದೆ. ಮೋನಮ್ಮ ಮದುವೆಯಾಗಿ ಅಲ್ಲೇ ಇದ್ದಾಳೆ, ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ಜಂಪರು ಹೊಲಿಯುತ್ತಾಳೆ. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದಳು, ಎದ್ದು ನಿಂತಳು. ಎದ್ದು ನಿಂತಳಲ್ಲ ಅಂತ ನನಗೆ ಇನ್ನಷ್ಟು ಕಷ್ಟವಾಯಿತು. ಹೇಳಬೇಕಾದ್ದನ್ನು ಹೇಳಿದೆ. ಅವಳು ಕತ್ತರಿಯನ್ನು ಬಟ್ಟೆಯ ಮೇಲಿಟ್ಟು ಕೇಳಿಸಿಕೊಂಡಳು.

"ನನಗ ಯಾಕ ಹೇಳ್ತೀರಿ ಸರ? ನಾ ಕೇಳಿದ್ದು ನನಗ ಗೊತ್ತಿಲ್ಲೇನು?" ಅಂದಳು. ದನಿ ಏರಲಿಲ್ಲ. "ಗೊತ್ತಿಲ್ಲದಾವ ನಮ್ಮಪ್ಪ. ಇವತ್ತಿಗೂ ಮನ್ಯಾಗ ಏನರೆ ಕಳದ್ರ, ಯಾರರೆ ಏನರೆ ಅಂದ್ರ, ನನ್ನ ಮಾತಿಗಿ ಮಾರಿ ಆಕಡಿ ಮಾಡ್ತಾನ. ಇಕಿ ಮಾಸ್ತರ ಮ್ಯಾಲೇ ಸುಳ್ಳು ಹೇಳಿದಾಕಿ ಅಂತಾನ. ಹೋಗಿ ಅವಗ ಹೇಳ್ರಿ."

ಅವಳು ಕಳೆದುಕೊಂಡದ್ದು ಬರೀ ಒಂದು ಪದವಿ ಅಂತ ನಾನು ತಿಳಿದಿದ್ದೆ. ಹನ್ನೊಂದು ವರ್ಷ ಒಬ್ಬ ಮಗಳು ತನ್ನ ತಂದೆಯ ಎದುರು ಸುಳ್ಳಿಯಾಗಿ ಬದುಕಿದ್ದಾಳೆ. ನನ್ನ ಒಂದು ಮಾತಿನಿಂದ.

ದೇವಿಂದ್ರಪ್ಪ ಈಗ ಹಳ್ಳಿ ಬಿಟ್ಟು ಬಂದು, ಎರಡು ಮನೆ ಆಚೆ ಮಗನೊಂದಿಗೆ ಇದ್ದಾರೆ. ಮಿಲ್ಲಿನ ಕೆಲಸ ಬಿಟ್ಟಿದ್ದಾರೆ, ಆದರೂ ಗಟ್ಟಿಮುಟ್ಟಾಗಿದ್ದಾರೆ. ಮೋನಮ್ಮ ನನ್ನನ್ನು ಕರೆದುಕೊಂಡು ಹೋದಳು. "ಬರ್ರಿ ಸರ, ಬರ್ರಿ! ಕುಂದರ್ರಿ. ಏ ಮೋನವ್ವ, ಸರಿಗಿ ಚಾ ಮಾಡು," ಅಂತ ಅವರೇ ಚಾಪೆ ಕೊಡವಿ ಹಾಸಿದರು. ಅಕ್ಕಪಕ್ಕದ ಇಬ್ಬರು ಬಂದು ಹೊಸ್ತಿಲಲ್ಲಿ ನಿಂತರು. ಅವರ ಮುಂದೆಯೇ ಎಲ್ಲವನ್ನೂ ಹೇಳಿದೆ. ಬಸ್ಸು, ಫೋಟೋ, ಎರಡು ಸಲ ಕೇಳಿದ್ದು, ಗೇಟಿಗೆ ಜವಾನನನ್ನು ನಿಲ್ಲಿಸಿದ್ದು, ಪ್ರಾಂಶುಪಾಲರ ಕೋಣೆಯಲ್ಲಿ ಹೇಳಿದ ಸುಳ್ಳು. ಏನೂ ಬಿಡಲಿಲ್ಲ.

ದೇವಿಂದ್ರಪ್ಪನವರ ಕಣ್ಣು ತುಂಬಿತು.

"ಎಂಥ ದೊಡ್ಡ ಮನಸ್ಸರಿ ಸರ ನಿಮ್ದು," ಅಂದರು. "ಇಕಿ ತಪ್ಪ ನಿಮ್ಮ ತಲಿ ಮ್ಯಾಲ ಹಾಕ್ಕೊಂಡು, ಇಷ್ಟ್ ದೂರ ಬಂದೀರಿ."

"ಅಲ್ರಿ, ನಿಜನೇ ಹೇಳಾಕತ್ತೀನಿ —"

"ತಿಳೀತದ ಬಿಡ್ರಿ ಸರ, ನನಗೆಲ್ಲಾ ತಿಳೀತದ." ಚಹಾ ಹಿಡಿದು ಬಂದು ನಿಂತಿದ್ದ ಮಗಳ ಕಡೆ ತಿರುಗಿದರು. "ನೋಡು. ಗುರು ಅಂದ್ರ ಹಿಂಗಿರಬೇಕು. ಇನ್ನರೆ ಸರ ಪಾದಕ್ಕ ಬಿದ್ದು ತಪ್ಪಾತಂತ ಅನ್ನು."

ಮೋನಮ್ಮ ಲೋಟವನ್ನು ನನ್ನ ಮುಂದಿಟ್ಟಳು. "ಕುಡೀರಿ ಸರ, ಆರ್ತದ," ಅಂದು ಒಳಗೆ ಹೋದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಹೀಗೆಯೇ ಆಗುತ್ತದೆ ಅಂತ ಮೊದಲೇ ಗೊತ್ತಿದ್ದವರ ಮುಖ ಅದು.

ನನಗೆ ಅಲ್ಲಿ ಕೂಗಬೇಕು ಅನ್ನಿಸಿತು. ಇದ್ಯಾವ ಲೋಕ? ಸುಳ್ಳು ಹೇಳಿದಾಗ ಕೈ ಮುಗಿಸಿಕೊಂಡೆ, ನಿಜ ಹೇಳಿದಾಗಲೂ ಕೈ ಮುಗಿಸಿಕೊಂಡೆ. ಒಬ್ಬ ಮಾಸ್ತರನ ಮಾತು ಯಾವ ಬದಿಗೆ ಬಿದ್ದರೂ ಅವನಿಗೇ ಮರ್ಯಾದೆ, ಹಮಾಲನ ಮಗಳಿಗೆ ಎರಡು ಬದಿಯಿಂದಲೂ ಏಟು. ಸಿಟ್ಟು ದೇವಿಂದ್ರಪ್ಪನವರ ಮೇಲಲ್ಲ. ಆ ನಂಬಿಕೆಯನ್ನು ಅವರಲ್ಲಿ ಬಿತ್ತಿ ಅದರ ಬೆಳೆ ಉಣ್ಣುತ್ತಾ ಬಂದ ನಮ್ಮಂಥವರ ಮೇಲೆ.

ಕಾಲೇಜಿಗೆ ಬಂದು ಈಗಿನ ಪ್ರಾಂಶುಪಾಲರನ್ನು ಕೇಳಿದೆ: ಅಂದು ನಡೆದದ್ದನ್ನು ಒಂದು ಪತ್ರದಲ್ಲಿ ಬರೆದು, ಮೊಹರು ಒತ್ತಿ ಕೊಡಿ. ಹಳೆಯ ವಿಷಯ ಕೆದಕಿ ಸಂಸ್ಥೆಯ ಹೆಸರು ಯಾಕೆ ಕೆಡಿಸುತ್ತೀರಿ ಅಂದರು. ಅತಿ ಒಳ್ಳೆಯವರಾಗಲು ಹೋಗಬೇಡಿ ಸರ್, ಎರಡು ದಿನ ರಜೆ ಹಾಕಿ ವಿಶ್ರಾಂತಿ ತಗೊಳ್ಳಿ ಅಂತ ನಕ್ಕರು.

ಅದಕ್ಕೇ ಇದನ್ನು ಬರೆದಿದ್ದೇನೆ. ಅಂದು ಸಾಲಿನಲ್ಲಿ ನಿಂತಿದ್ದವರಲ್ಲಿ ಆರು ಜನರಿಗೆ ಫೋನ್ ಮಾಡಿದೆ. ಐವರಿಗೆ ಬಿಡುವಿಲ್ಲವಂತೆ. ಹೋಟೆಲಿನಲ್ಲಿ ದುಡಿಯುತ್ತಿದ್ದ ಹುಡುಗ, ಈಗ ಸುರಪುರದಲ್ಲಿ ಸ್ವಂತ ಅಂಗಡಿ ಇಟ್ಟಿರುವವನು, ಬರುತ್ತೇನೆ ಅಂದಿದ್ದಾನೆ. ಈ ರವಿವಾರ ಅವನನ್ನು ಕರೆದುಕೊಂಡು ಹೋಗಿ, ಈ ಬರಹವನ್ನು ದೇವಿಂದ್ರಪ್ಪನವರ ಮುಂದೆ ಗಟ್ಟಿಯಾಗಿ ಓದುತ್ತೇನೆ. ನಂಬದಿದ್ದರೆ ಮುಂದಿನ ರವಿವಾರ ಮತ್ತೆ ಓದುತ್ತೇನೆ. ಅವರು ಚಾಪೆ ಹಾಸುವುದನ್ನು ಬಿಟ್ಟು, ಎದ್ದು ನಿಂತು, ಸುಳ್ಳ ನೀನು, ಹೊರಗ ನಡಿ ಅಂತ ನನಗೆ ಹೇಳುವ ತನಕ ಹೋಗುತ್ತೇನೆ. ಅಂದು ಮೋನಮ್ಮ ಅದೇ ಕೋಣೆಯಲ್ಲಿ ಇರಬೇಕು, ಅವಳ ಕಿವಿಗೆ ಅದು ಬೀಳಬೇಕು.